ಇನ್ನು ಮುಂದೆ ನೀವು ಕೇಳಿದ ಮೇಲೆಯೇ ಪುಡಿ: ನಮ್ಮ ಕಾಫಿಪುಡಿ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಮೊದಲೇ ಪುಡಿ ಮಾಡಿ ಕಪಾಟಿನಲ್ಲಿ ಜೋಡಿಸಿಟ್ಟ ಪೊಟ್ಟಣಗಳು ಸಿಗುವುದಿಲ್ಲ. ನೀವು ಹೇಳಿದ ಮೇಲೆ ಬೀಜ ತೂಗಿ, ನಿಮ್ಮೆದುರಿಗೇ ಪುಡಿ ಮಾಡಿ ಕೊಡುತ್ತೇವೆ. ಫೋನಿನಲ್ಲಿ ಹೇಳುವವರಿಗೆ, ಕಳಿಸುವ ದಿನ ಬೆಳಿಗ್ಗೆ ಪುಡಿ ಮಾಡುತ್ತೇವೆ. ಅರ್ಧ ಕಿಲೋ ಪೊಟ್ಟಣ ನಿಲ್ಲುತ್ತದೆ. 100 ಗ್ರಾಂ ಮತ್ತು 250 ಗ್ರಾಂ ಮಾತ್ರ ಇರುತ್ತದೆ. ಪೊಟ್ಟಣದ ಮೇಲೆ ಬೀಜ ಹುರಿದ ದಿನ, ಪುಡಿ ಮಾಡಿದ ದಿನ ಎರಡೂ ಇರುತ್ತವೆ. ಪುಡಿಯ ಹದವೂ ಇನ್ನು ಒಂದಲ್ಲ, ಎರಡು. ಈ ಕೊನೆಯದೇ ನಿಮ್ಮ ಫಿಲ್ಟರಿಗೆ ನೇರವಾಗಿ ತಟ್ಟುವ ಬದಲಾವಣೆ, ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ.

ನಮ್ಮಲ್ಲಿಗೆ ಬರುವ ದೂರುಗಳು ಎರಡೇ ಬಗೆ. ಚಿಕೋರಿ ಬೇಡವೆನ್ನುವವರು "ಡಿಕಾಕ್ಷನ್ ನೀರು ನೀರಾಗಿ ಇಳಿಯುತ್ತದೆ, ಹಾಲಿಗೆ ಬೆರೆಸಿದರೆ ಕಲಗಚ್ಚು" ಅನ್ನುತ್ತಾರೆ. 70:30 (ಕಾಫಿ 70 ಪಾಲು, ಚಿಕೋರಿ 30 ಪಾಲು) ತೆಗೆದುಕೊಳ್ಳುವವರು "ರಾತ್ರಿ ಹಾಕಿದ್ದು ಬೆಳಿಗ್ಗೆವರೆಗೂ ಇಳಿದಿಲ್ಲ" ಅನ್ನುತ್ತಾರೆ. ಕಾರಣ ಒಂದೇ, ತಪ್ಪು ನಮ್ಮದು: ಎರಡಕ್ಕೂ ಒಂದೇ ಹದದಲ್ಲಿ ಪುಡಿ ಮಾಡುತ್ತಿದ್ದೆವು. ಚಿಕೋರಿ ಕಾಫಿಬೀಜವಲ್ಲ, ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಹುರಿದ ಕಾಫಿಯಲ್ಲಿ ನೀರಿಗೆ ಬಿಟ್ಟುಕೊಳ್ಳುವ ಅಂಶ ಹೆಚ್ಚೆಂದರೆ ಮೂರನೇ ಒಂದು ಭಾಗ. ಚಿಕೋರಿಯಲ್ಲಿ ಅದರ ಎರಡು ಪಟ್ಟಿಗೂ ಮಿಗಿಲು. ಅದಕ್ಕೇ ಅದು ಹಾಕಿದರೆ ಬಣ್ಣ ಕಪ್ಪು, ಡಿಕಾಕ್ಷನ್ ಮಂದ. ಆದರೆ ಬಿಸಿನೀರು ಬಿದ್ದೊಡನೆ ಉಬ್ಬಿ, ಕಾಫಿಪುಡಿಯ ಸಂದುಗಳನ್ನು ಅಂಟಿನಂತೆ ಮುಚ್ಚಿಬಿಡುತ್ತದೆ. ಆದ್ದರಿಂದ ಚಿಕೋರಿ ಇರುವ ಪುಡಿ ತುಸು ತರಿಯಾಗಿರಬೇಕು, ಇಲ್ಲದ ಪುಡಿ ಸಣ್ಣಗಿರಬೇಕು.

ಬೆರಳಲ್ಲಿ ಉಜ್ಜಿ ನೋಡುವ ಅಳತೆ ಹೇಳುತ್ತೇವೆ. ಚಿಕೋರಿ ಇಲ್ಲದ ಪುಡಿ ಚಿರೋಟಿ ರವೆಗಿಂತ ಒಂದು ಎಳೆ ನುಣುಪಾಗಿರುತ್ತದೆ, ಆದರೆ ಮೈದಾದಂತೆ ಬೆರಳಿಗೆ ಮೆತ್ತಿಕೊಳ್ಳುವುದಿಲ್ಲ. 80:20 ಮತ್ತು 70:30ರ ಪುಡಿ ಸರಿಯಾಗಿ ಚಿರೋಟಿ ರವೆಯಷ್ಟು. ಫ್ರೆಂಚ್ ಪ್ರೆಸ್ (ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಜಾಲರಿಯಿಂದ ಒತ್ತಿ ಸೋಸುವ ಪಾತ್ರೆ) ಇಟ್ಟುಕೊಂಡವರು ಹೇಳಿದರೆ ಉಪ್ಪಿಟ್ಟಿನ ರವೆಯಷ್ಟು ದಪ್ಪಕ್ಕೆ ಮಾಡಿಕೊಡುತ್ತೇವೆ. ಫಿಲ್ಟರಿನ ಪುಡಿಯನ್ನು ಅದಕ್ಕೆ ಹಾಕಿದರೆ ಲೋಟದ ತಳದಲ್ಲಿ ಕೆಸರು ನಿಲ್ಲುತ್ತದೆ.

ಕಪಾಟಿನ ಪೊಟ್ಟಣ ಯಾಕೆ ನಿಲ್ಲಿಸಿದೆವು ಅಂದರೆ, ಹುರಿದ ಬೀಜ ಗಾಳಿಯಾಡದ ಚೀಲದಲ್ಲಿ ಮೂರು ನಾಲ್ಕು ವಾರ ಘಮ ಹಿಡಿದಿಟ್ಟುಕೊಳ್ಳುತ್ತದೆ. ಪುಡಿ ಮಾಡಿದ ಮೇಲೆ ಆಯುಷ್ಯ ದಿನಗಳ ಲೆಕ್ಕ. ಪುಡಿಯಾದಾಗ ಗಾಳಿಗೆ ತೆರೆದುಕೊಳ್ಳುವ ಮೈ ಹಲವು ಪಟ್ಟು ಹೆಚ್ಚುತ್ತದೆ, ಒಳಗಿನ ಎಣ್ಣೆಯಂಶ ಹಳಸಲು ಶುರುವಾಗುತ್ತದೆ. ಅಂಗಡಿ ತುಂಬ ಕಾಫಿ ಘಮಘಮಿಸುವುದು ಎಲ್ಲರಿಗೂ ಇಷ್ಟ, ಆದರೆ ಆ ಘಮವೆಲ್ಲ ನಿಮ್ಮ ಲೋಟಕ್ಕೆ ಬರಬೇಕಾಗಿದ್ದದ್ದು. ಅರ್ಧ ಕಿಲೋದ ಲೆಕ್ಕವೂ ಇದೇ. ಇಬ್ಬರು ದಿನಕ್ಕೆ ಒಂದೊಂದು ಲೋಟ ಕುಡಿಯುವ ಮನೆಯಲ್ಲಿ ದಿನಕ್ಕೆ ಸುಮಾರು 24 ಗ್ರಾಂ ಪುಡಿ ಬೇಕು. 500 ಗ್ರಾಂ ಮುಗಿಯಲು ಮೂರು ವಾರ. ಕೊನೆಯ ವಾರ ನೀವು ಕುಡಿಯುವುದು ಬಣ್ಣದ ನೀರು. 250 ಗ್ರಾಂ ಹತ್ತು ದಿನಕ್ಕೆ ಮುಗಿಯುತ್ತದೆ.

ಇನ್ನು ಡಿಕಾಕ್ಷನ್. ಎರಡು ಲೋಟಕ್ಕೆ 24 ಗ್ರಾಂ ಪುಡಿ, ಅಂದರೆ ಮಟ್ಟ ಮಾಡದೆ ಗುಡ್ಡೆಯಾಗಿ ತುಂಬಿದ ಮೂರು ದೊಡ್ಡ ಚಮಚ. 70:30 ಆದರೆ 20 ಗ್ರಾಂ ಸಾಕು. ನೀರು 130 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಕುಡಿದು ಹಾಗೇ ಇಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು 80 ಮಿಲಿ. ಹೆಚ್ಚು ಸಿಗಲಿ ಎಂದು 200 ಮಿಲಿ ಹೊಯ್ದರೆ ಸಿಗುವುದು ಹೆಚ್ಚು ಕಾಫಿಯಲ್ಲ, ಹೆಚ್ಚು ನೀರು. ಒಂದು ಸಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ನಿಮ್ಮ ಚಮಚ ಎಷ್ಟು ಹಿಡಿಯುತ್ತದೆ ಎಂದು ನೋಡಿಟ್ಟುಕೊಂಡರೆ ಆಮೇಲೆ ದಿನಾ ತೂಗಬೇಕಾಗಿಲ್ಲ.

ಫಿಲ್ಟರಿನ ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ಒದ್ದೆ ಇದ್ದರೆ ಪುಡಿ ತೂತಿಗೇ ಮೆತ್ತಿಕೊಂಡು ಮೊದಲ ಹನಿಗೇ ದಾರಿ ಮುಚ್ಚುತ್ತದೆ. ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ. ಹಿಡಿ ಇರುವ ತೂತಿನ ಬಿಲ್ಲೆಯನ್ನು ಅದರ ಮೇಲಿಟ್ಟು ಬೆರಳ ಭಾರದಷ್ಟೇ ಒತ್ತಿ. ಚಿಕೋರಿ ಇರುವ ಪುಡಿಯಾದರೆ ಒತ್ತಲೇಬೇಡಿ, ಇಟ್ಟರೆ ಸಾಕು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಎರಡು ಮೂರು ಚಮಚ ನೀರು ಮಾತ್ರ, ಸುತ್ತಲೂ ಹೊಯ್ದು ಅರ್ಧ ನಿಮಿಷ ನಿಲ್ಲಿ. ಹೊಸದಾಗಿ ಹುರಿದ ಬೀಜವಾದರೆ ಪುಡಿ ಉಬ್ಬಿ, ಬಿಲ್ಲೆಯನ್ನು ತುಸು ಮೇಲೆತ್ತಿ, ತೂತುಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಕಾರ್ಬನ್ ಡೈಆಕ್ಸೈಡ್ ಹೊರಬರುವ ಗುಳ್ಳೆ ಅದು. ಅದು ಹೋಗದೆ ಪೂರ್ತಿ ನೀರು ಹೊಯ್ದರೆ ಗ್ಯಾಸು ನೀರನ್ನು ಪುಡಿಯೊಳಗೆ ಇಳಿಯಗೊಡುವುದಿಲ್ಲ. ಗುಳ್ಳೆಯೇ ಬರದಿದ್ದರೆ ಪುಡಿ ಹಳೆಯದು ಎಂದು ತಿಳಿಯಿರಿ, ನಮ್ಮದಾದರೂ ಅಷ್ಟೇ. ಆಮೇಲೆ ಉಳಿದ ನೀರು ಹೊಯ್ದು ಮುಚ್ಚಳ ಹಾಕಿ.

ಇಳಿಯಲು ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಐದು ನಿಮಿಷಕ್ಕೇ ಖಾಲಿಯಾದರೆ ಮೂರರಲ್ಲಿ ಒಂದು ತಪ್ಪಿದೆ: ಬಿಲ್ಲೆ ಇಟ್ಟಿಲ್ಲ, ಪುಡಿ ದಪ್ಪವಾಗಿದೆ, ಇಲ್ಲವೇ ಫಿಲ್ಟರ್ ದೊಡ್ಡದು. ಮೂರನೆಯದು ನಾವು ಕಂಡಷ್ಟರಲ್ಲಿ ಎಲ್ಲಕ್ಕಿಂತ ಹೆಚ್ಚು. ಮದುವೆಗೆ ಉಡುಗೊರೆ ಬಂದ ಎಂಟು ಲೋಟದ ಫಿಲ್ಟರಿನಲ್ಲಿ ಇಬ್ಬರಿಗೆ ಕಾಫಿ ಮಾಡಿದರೆ ಪುಡಿಯ ಪದರ ಅರ್ಧ ಬೆರಳೂ ಇರುವುದಿಲ್ಲ, ನೀರು ಸುಮ್ಮನೆ ದಾಟಿ ಹೋಗುತ್ತದೆ. ಪುಡಿ ಮೇಲಿನ ಪಾತ್ರೆಯ ಮೂರನೇ ಒಂದು ಭಾಗಕ್ಕಾದರೂ ಬರಬೇಕು. ದುಬಾರಿ ಪುಡಿಗೆ ಹೋಗುವ ಮೊದಲು ಎರಡು ಲೋಟದ ಸಣ್ಣ ಫಿಲ್ಟರ್ ಕೊಳ್ಳಿ.

ಇಳಿಯುವುದೇ ಇಲ್ಲವೆಂದರೆ ಮೊದಲು ಮೇಲಿನ ಪಾತ್ರೆಯನ್ನು ಒಂದು ಸಲ ಎತ್ತಿ ಇಡಿ. ಎರಡು ಪಾತ್ರೆ ಬಿಗಿಯಾಗಿ ಕೂತಿದ್ದರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ. ಅದು ಬಿಸಿಗೆ ಹಿಗ್ಗಿ ಹನಿಗಳನ್ನು ತಡೆಯುತ್ತದೆ. ಎತ್ತಿದ ಕೂಡಲೇ ಟಪಟಪ ಶುರುವಾಗುತ್ತದೆ. ಆಗಲೂ ಇಳಿಯದಿದ್ದರೆ ತೂತು ಕಟ್ಟಿದೆ. ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಷ್ಟು ತೂತು ಕುರುಡಾಗಿವೆ ಎಂದು ತಿಳಿಯುತ್ತದೆ. ಸ್ಟೀಲ್ ಪಾತ್ರೆಯಾದರೆ ಖಾಲಿ ಮಾಡಿ, ಒಣಗಿಸಿ, ತಳವನ್ನು ಗ್ಯಾಸಿನ ಸಣ್ಣ ಉರಿಯ ಮೇಲೆ ಒಂದು ನಿಮಿಷ ಹಿಡಿಯಿರಿ. ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಇಕ್ಕಳದಲ್ಲಿ ಹಿಡಿದುಕೊಳ್ಳಿ, ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿ. ಒಳಗೆ ಕಲಾಯಿ ಹಾಕಿಸಿದ ಹಿತ್ತಾಳೆ ಫಿಲ್ಟರಿಗೆ ಮಾತ್ರ ಈ ಉಪಾಯ ಬೇಡ, ಕಲಾಯಿ ಕರಗುತ್ತದೆ, ಸೂಜಿಯಿಂದ ಬಿಡಿಸಿ. ವಾರಕ್ಕೊಮ್ಮೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಫಿಲ್ಟರನ್ನು ಅರ್ಧ ಗಂಟೆ ನೆನೆಸಿ. ಗೋಡೆಗೆ ಹತ್ತಿದ ಕಾಫಿಯ ಎಣ್ಣೆ ಹಳಸಿದರೆ ಎಂಥ ಪುಡಿ ಹಾಕಿದರೂ ಅದೇ ಹಳೇ ವಾಸನೆ.

ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸಬೇಡಿ. ಕುದಿದರೆ ಘಮ ಹೋಗಿ ಕಹಿ ಉಳಿಯುತ್ತದೆ. ತಣ್ಣಗಾಗಿದ್ದರೆ ಆ ಪಾತ್ರೆಯನ್ನೇ ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಸಂಜೆಗೆ ಬೇಕೆಂದರೆ ಮುಚ್ಚಿದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ, ಮರುದಿನಕ್ಕೆ ಬೇಡ. ಅದೇ ಚರಟಕ್ಕೆ ಇನ್ನೊಂದು ಸಲ ನೀರು ಹೊಯ್ದು ತೆಗೆಯುವ ಎರಡನೇ ಡಿಕಾಕ್ಷನ್ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಅದು ಗುಲಾಬಿ ಗಿಡದ ಬುಡಕ್ಕೆ ಒಳ್ಳೆಯದು.

ಒಂದು ಲೋಟಕ್ಕೆ 40 ಮಿಲಿ ಡಿಕಾಕ್ಷನ್, 100 ಮಿಲಿ ಹಾಲು. ಹಾಲು ಆಗಷ್ಟೇ ಉಕ್ಕಿ ಬಂದದ್ದಾಗಿರಲಿ. ಮೂರು ನಾಲ್ಕು ಸಲ ಕಾಯಿಸಿದ ಹಾಲಿಗೆ ಬೇಯಿಸಿದ ವಾಸನೆ ಬಂದು ಕಾಫಿಯನ್ನು ಮುಳುಗಿಸುತ್ತದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಕಾಫಿಗೆ ಎರಡನೆಯದು ವಾಸಿ. ಹಾಲಿಗೆ ನೀರು ಬೆರೆಸಲೇಬೇಡಿ, ನೀರಿನ ಪಾಲು ಡಿಕಾಕ್ಷನ್ನಿನಲ್ಲೇ ಇದೆ. ಕಾಫಿ ಒಡೆದರೆ ಪುಡಿಯನ್ನು ಬೈಯುವ ಮೊದಲು ಹಾಲು ನೋಡಿ: ಕಾಫಿಗೆ ಸ್ವಲ್ಪ ಹುಳಿಯಿದೆ, ಹುಳಿಗೆ ತಿರುಗುತ್ತಿರುವ ಹಾಲನ್ನು ಅದು ಮೊದಲು ಹಿಡಿದುಕೊಡುತ್ತದೆ. ಸಕ್ಕರೆ ಲೋಟದ ತಳಕ್ಕೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ಹಾಲು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ, ಸಕ್ಕರೆಯೂ ಕರಗುತ್ತದೆ. ಐದಾರು ಸಲ ಹೊಯ್ದರೆ ಆರುತ್ತದೆ ಅಷ್ಟೇ.

"ಇಷ್ಟೆಲ್ಲ ಮಾಡಿದರೂ ಹೋಟೆಲ್ಲಿನ ಹಾಗೆ ಬರುವುದಿಲ್ಲವಲ್ಲ" ಅನ್ನುವವರಿಗೆ: ಅಲ್ಲಿನ ಮಂದಕ್ಕೆ ಹೆಚ್ಚಿನ ಪಾಲು ಚಿಕೋರಿ, ಗಟ್ಟಿ ಹಾಲು ಮತ್ತು ಧಾರಾಳ ಸಕ್ಕರೆ ಕಾರಣ. ಆ ರುಚಿಯೇ ಬೇಕಿದ್ದರೆ 70:30 ತೆಗೆದುಕೊಳ್ಳಿ, ಸಂಕೋಚ ಬೇಡ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಎರಡರ ಪಾಲೂ ಪೊಟ್ಟಣದ ಮೇಲೆ ನಮೂದಾಗಬೇಕು ಎನ್ನುವುದು ಕಾನೂನು. ಎಲ್ಲೇ ಕೊಂಡರೂ ಸಣ್ಣಕ್ಷರ ಓದಿ. ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅಲುಗಿಸದೆ, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಮುಳುಗುತ್ತದೆ, ಮುಳುಗುವಾಗ ಕಂದು ಬಣ್ಣದ ಎಳೆಗಳನ್ನು ಬಿಡುತ್ತಾ ಇಳಿಯುತ್ತದೆ. ನಮ್ಮ ಪುಡಿಯನ್ನೂ ಹೀಗೆ ನೋಡಬಹುದು.

ಖರ್ಚಿನ ಮಾತು. ಕಿಲೋಗೆ 900 ರೂಪಾಯಿಯ ಪುಡಿಯಾದರೆ ಲೋಟಕ್ಕೆ 12 ಗ್ರಾಂ, ಹನ್ನೊಂದು ರೂಪಾಯಿಗೆ ಸ್ವಲ್ಪ ಕಮ್ಮಿ. ಹಾಲು, ಸಕ್ಕರೆ, ಗ್ಯಾಸು ಸೇರಿಸಿದರೆ ಹದಿನೆಂಟರ ಹತ್ತಿರ. ದರ್ಶಿನಿಯಲ್ಲಿ ನಿಂತು ಕುಡಿಯುವ ಕಾಫಿಗೆ ಹೋಲಿಸಿದರೆ ಇದೇನೂ ದೊಡ್ಡ ಉಳಿತಾಯವಲ್ಲ. ಮನೆಯಲ್ಲಿ ಲೋಟ ದೊಡ್ಡದು, ಚಿಕೋರಿ ನಿಮ್ಮ ಇಷ್ಟದಷ್ಟು, ಅಷ್ಟೇ. ಎ.ಸಿ. ಹಾಕಿದ ಕಾಫಿ ಅಂಗಡಿಯಲ್ಲಿ ಒಂದು ಕಪ್ಪಿಗೆ ಕೊಡುವ ದುಡ್ಡಿನಲ್ಲಾದರೆ ಮನೆಯಲ್ಲಿ ಒಂದು ವಾರ ಕುಡಿಯಬಹುದು.

ಪುಡಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಇಂಗು, ಸಾರಿನ ಪುಡಿಯ ಸಾಲಿನಲ್ಲಿ ಬೇಡ, ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಳೇ ಪುಡಿಯ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿ ಖಾಲಿ ಮಾಡಿ, ಒರೆಸಿ, ಆಮೇಲೆ ತುಂಬಿ. ಫ್ರಿಜ್ಜಿನಿಂದ ತೆಗೆದು, ಮುಚ್ಚಳ ಬಿಚ್ಚಿ, ಮತ್ತೆ ಒಳಗಿಡುವ ಅಭ್ಯಾಸ ಬಿಡಿ. ತಣ್ಣನೆಯ ಪುಡಿಯ ಮೇಲೆ ಗಾಳಿಯ ಪಸೆ ಕೂರುತ್ತದೆ, ಚಿಕೋರಿ ಇದ್ದರಂತೂ ಎರಡೇ ದಿನಕ್ಕೆ ಹೆಂಟೆ. ಹೊಸ ಪೊಟ್ಟಣ ಉಬ್ಬಿಕೊಂಡು ಬಂದರೆ ಕೆಟ್ಟಿದೆ ಎಂದಲ್ಲ, ಮೇಲೆ ಹೇಳಿದ ಕಾರ್ಬನ್ ಡೈಆಕ್ಸೈಡೇ ಅದು.

ಪುಡಿ ಬೇಡ, ಹುರಿದ ಬೀಜವೇ ಕೊಡಿ ಎಂದು ಕೇಳುವವರು ಹೆಚ್ಚುತ್ತಿದ್ದಾರೆ, ಸಂತೋಷ. ಮಿಕ್ಸಿಯಲ್ಲಿ ಮಾಡುವುದಾದರೆ ಸಣ್ಣ ಜಾರಿನಲ್ಲಿ ಒಂದು ಸಲಕ್ಕೆ 40 ಗ್ರಾಂ ಮೀರದಂತೆ, ಮೂರು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಜಾರ್ ಕುಲುಕಿ, ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಅರ್ಧ ಹಿಟ್ಟು, ಅರ್ಧ ನುಚ್ಚು ಆಗುತ್ತದೆ, ಜಾರೂ ಬಿಸಿಯಾಗುತ್ತದೆ. ಹಿಟ್ಟು ಜರಡಿಯಲ್ಲಿ ಆಡಿಸಿ, ಮೇಲೆ ಉಳಿದ ನುಚ್ಚನ್ನು ಮತ್ತೆ ಹಾಕಿ. ಜಾರಿನಲ್ಲಿ ಮೊದಲು ಮೆಣಸಿನಕಾಯಿ ಪುಡಿ ಮಾಡಿದ್ದರೆ ಒಂದು ಹಿಡಿ ಅಕ್ಕಿ ತಿರುಗಿಸಿ ಚೆಲ್ಲಿಬಿಡಿ.

ಮಿಶ್ರಣ ಮತ್ತು ದರದಲ್ಲಿ ಬದಲಿಲ್ಲ. ಚಿಕ್ಕಮಗಳೂರಿನ ಪ್ಲಾಂಟೇಶನ್ ಎ (ದೊಡ್ಡ ಅರೇಬಿಕಾ ಬೀಜದ ದರ್ಜೆ) ಮತ್ತು ಪೀಬೆರಿ (ಹಣ್ಣಿನಲ್ಲಿ ಒಂದೇ ಒಂದಾಗಿ ಬೆಳೆದ ದುಂಡು ಬೀಜ), ಕೊಡಗಿನ ರೋಬಸ್ಟಾ ಜಾತಿಯ ಬೀಜ ಮೊದಲಿನ ಪ್ರಮಾಣದಲ್ಲೇ ಇರುತ್ತವೆ. 500 ಗ್ರಾಂ ಬೇಕಾದವರು ಎರಡು 250ರ ಪೊಟ್ಟಣ ಕೊಳ್ಳಬೇಕಾಗುವುದರಿಂದ ಪೊಟ್ಟಣದ ಖರ್ಚು 6 ರೂಪಾಯಿ ಹೆಚ್ಚಾಗುತ್ತದೆ. ನಿಮ್ಮದೇ ಡಬ್ಬಿ ತಂದರೆ ಅದೂ ಇಲ್ಲ, ಒಣಗಿದ ಡಬ್ಬಿ ತನ್ನಿ. ಬೀಜ ಹುರಿಯುವುದು ಮಂಗಳವಾರ ಮತ್ತು ಶುಕ್ರವಾರ. ಹುರಿದ ದಿನವೇ ಪುಡಿ ಮಾಡುವುದಿಲ್ಲ, ಒಂದು ದಿನ ಗ್ಯಾಸ್ ಬಿಡಲು ಇಡುತ್ತೇವೆ. ಹಾಗಾಗಿ ಬುಧವಾರ ಅಥವಾ ಶನಿವಾರ ಬಂದವರಿಗೆ ಎಲ್ಲಕ್ಕಿಂತ ಹೊಸ ಪುಡಿ ಸಿಗುತ್ತದೆ. ಕ್ಯೂ ಇದ್ದರೆ ಹತ್ತು ನಿಮಿಷ ಕಾಯಬೇಕಾದೀತು. ಮುಂಚೆಯೇ ಫೋನು ಮಾಡಿದರೆ ನೀವು ಬರುವ ಹೊತ್ತಿಗೆ ಪುಡಿ ಮಾಡಿಟ್ಟಿರುತ್ತೇವೆ.

ಆರ್ಡರ್ ಹೇಳುವಾಗ ಮೂರು ಮಾತು ಹೇಳಿ: ಚಿಕೋರಿ ಎಷ್ಟು, ಫಿಲ್ಟರೋ ಬೇರೆ ಪಾತ್ರೆಯೋ, ಎಷ್ಟು ಗ್ರಾಂ. ಹೊಸ ಹದದ ಪುಡಿ ನಿಮ್ಮ ಫಿಲ್ಟರಿನಲ್ಲಿ ಬೇಗ ಇಳಿದರೆ ಅಥವಾ ಕಟ್ಟಿಕೊಂಡರೆ ಉಳಿದ ಪುಡಿಯನ್ನು ಹದಿನೈದು ದಿನದೊಳಗೆ ತನ್ನಿ, ಎಷ್ಟು ನಿಮಿಷಕ್ಕೆ ಇಳಿಯಿತು ಎಂದು ಹೇಳಿ. ಹದ ಬದಲಿಸಿ ಅಷ್ಟೇ ತೂಕದ ಪುಡಿ ಕೊಡುತ್ತೇವೆ. ಅರ್ಧ ಕಿಲೋದ ಹಳೇ ಪೊಟ್ಟಣ ಬಿಚ್ಚದೆ ಇಟ್ಟುಕೊಂಡವರಿಗೂ ಈ ತಿಂಗಳ ಕೊನೆಯವರೆಗೆ ಬದಲಿ ಉಂಟು.

ಇಂತಿ ನಿಮ್ಮ,
ಕಾಫಿಪುಡಿ ಅಂಗಡಿಯ ಬಳಗ