ಮೊದಲು ಕೋರಾ ಬಟ್ಟೆಯಲ್ಲಿ

ಪ್ರೀತಿಯ ತಮ್ಮ,

ನಿನ್ನ ಪತ್ರ ಬಂದು ಹದಿನೈದು ದಿನ ಆಯ್ತು. ನಿನ್ನ ಅಮ್ಮನ ಬಗ್ಗೆ ಬರೆದು ಜೊತೆಗೆ ಕಳಿಸಿದ ಹನ್ನೆರಡು ಪುಟಗಳನ್ನು ಎರಡು ಸಲ ಓದಿದೆ. ಉತ್ತರ ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡ. ಏನೋ ಒಂದು ಸರಿ ಇಲ್ಲ ಅನ್ನಿಸುತ್ತಿತ್ತು, ಆದರೆ ಏನು ಅಂತ ಹೇಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಪುಸ್ತಕ ಕೈಗೆ ಸಿಕ್ಕಿತು. ಅದನ್ನು ಮುಗಿಸಿದ ಮೇಲೆ ನಿನ್ನ ಪುಟಗಳನ್ನು ಮತ್ತೆ ತೆಗೆದೆ.

ಕ್ರಿಸ್ಟಿಯನ್ ಡಿಯೋರ್ ಅವರ ಆತ್ಮಕಥೆ ಅದು. ಪ್ಯಾರಿಸ್ಸಿನ ಫ್ಯಾಷನ್ ಡಿಸೈನರ್. 1956ರಲ್ಲಿ ಫ್ರೆಂಚಿನಲ್ಲಿ ಬಂದ ಪುಸ್ತಕ, ನಾನು ಓದಿದ್ದು ಇಂಗ್ಲಿಷಿನಲ್ಲಿ. ಸೆಂಟಿನ ಬಾಟಲಿ ಮೇಲೆ ಆ ಹೆಸರನ್ನು ನೀನೂ ನೋಡಿರ್ತೀಯ. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮನ ಬಗ್ಗೆ ಬರೆಯುವವನಿಗೆ ಈ ಶ್ರೀಮಂತರ ದರ್ಜಿಯಿಂದ ಏನಾಗಬೇಕು ಅಂತ ಕೇಳಬಹುದು. ಸ್ವಲ್ಪ ತಾಳು.

ಡಿಯೋರ್ ಹುಟ್ಟಿದ್ದು 1905ರಲ್ಲಿ, ನಾರ್ಮಂಡಿಯ ಗ್ರಾನ್‌ವಿಲ್ ಅನ್ನುವ ಸಮುದ್ರದ ಊರಿನಲ್ಲಿ. ಅಪ್ಪನಿಗೆ ಗೊಬ್ಬರದ ಕಾರ್ಖಾನೆ ಇತ್ತು, ದುಡ್ಡಿಗೆ ಕೊರತೆ ಇರಲಿಲ್ಲ. 1928ರಲ್ಲಿ ಮಗ ಗೆಳೆಯನ ಜೊತೆ ಚಿತ್ರಗಳ ಗ್ಯಾಲರಿ ತೆರೆಯುತ್ತೇನೆ ಅಂದಾಗ ಮನೆಯವರು ದುಡ್ಡು ಕೊಟ್ಟರು. ಆದರೆ ಒಂದು ಷರತ್ತು: ಅಂಗಡಿಯ ಬೋರ್ಡಿನ ಮೇಲೆ ಮನೆತನದ ಹೆಸರು ಬರಬಾರದು. 1931ರಲ್ಲಿ ಅಮ್ಮ ತೀರಿಕೊಂಡರು. ಅದೇ ವರ್ಷ ಅಪ್ಪ ದಿವಾಳಿಯಾದರು. ಗ್ಯಾಲರಿ ಹೋಯಿತು, ಆಮೇಲೆ ಕ್ಷಯ ಹಿಡಿಯಿತು. ಮೂವತ್ತರ ಆಸುಪಾಸಿನಲ್ಲಿ ಟೋಪಿಗಳ, ಉಡುಪುಗಳ ಚಿತ್ರ ಬರೆದು ಮಾರಲು ಶುರು ಮಾಡಿದರು. ಸ್ವಂತ ಹೆಸರಿನಲ್ಲಿ ಮೊದಲ ಶೋ ಮಾಡಿದ್ದು 1947ರ ಫೆಬ್ರವರಿ 12ರಂದು, 42ನೇ ವಯಸ್ಸಿನಲ್ಲಿ. ಇಪ್ಪತ್ತೈದಕ್ಕೇ ತಡವಾಯ್ತು ಅಂತ ಪತ್ರದಲ್ಲಿ ಬರೆದಿದ್ದೀಯಲ್ಲ, ಅದಕ್ಕೇ ಈ ವರ್ಷಗಳನ್ನೆಲ್ಲ ಇಲ್ಲಿ ಬರೆದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಸಿದ್ಧಿಯ ಕತೆ ಅಲ್ಲ. ಒಂದು ಉಡುಪು ಹೇಗೆ ಹುಟ್ಟುತ್ತದೆ ಅಂತ ಅವರು ಹೇಳುವ ಪುಟಗಳು. ಮೊದಲು ಚಿತ್ರ ಗೀಚುತ್ತಾರೆ. ಹಾಸಿಗೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ, ಊಟದ ಟೇಬಲ್ ಮೇಲೆ, ಕಾರಿನಲ್ಲಿ, ಎಲ್ಲೆಂದರಲ್ಲಿ ಗೀಚುತ್ತಾರೆ. ಆ ಚಿತ್ರಗಳು ಹೊಲಿಗೆ ಕೋಣೆಗಳ ಮುಖ್ಯಸ್ಥೆಯರ ಕೈಗೆ ಹೋಗುತ್ತವೆ. ಅವರು ರೇಷ್ಮೆಯನ್ನು ಮುಟ್ಟುವುದಿಲ್ಲ. ಮೊದಲು ಬಿಳೀ ಹತ್ತಿ ಬಟ್ಟೆಯಲ್ಲಿ ಪೂರ್ತಿ ಉಡುಪು ಹೊಲಿಯುತ್ತಾರೆ. ಫ್ರೆಂಚರು ಅದಕ್ಕೆ ತ್ವಾಲ್ ಅನ್ನುತ್ತಾರೆ. ನಮ್ಮ ಕೋರಾ ಬಟ್ಟೆ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಅಂದ್ಕೋ. ಬಣ್ಣ ಇಲ್ಲ, ಕಸೂತಿ ಇಲ್ಲ, ಹೊಳೆಯುವ ಗುಂಡಿ ಇಲ್ಲ. ಅದನ್ನು ಹುಡುಗಿಯ ಮೈಮೇಲೆ ಹಾಕಿ, ನಡೆಸಿ ನೋಡುತ್ತಾರೆ. ಕತ್ತರಿಸಿದ ರೀತಿ ಸರಿ ಇದೆಯಾ, ಭುಜದಿಂದ ಸೊಂಟಕ್ಕೆ ಗೆರೆ ಸರಿಯಾಗಿ ಇಳಿಯುತ್ತಾ, ಅಷ್ಟೇ ಪ್ರಶ್ನೆ. ಸರಿ ಇಲ್ಲದಿದ್ದರೆ ಬಿಚ್ಚಿ ಮತ್ತೆ ಮಾಡು, ಇಲ್ಲವೇ ಬಿಟ್ಟುಬಿಡು. ಇದರಲ್ಲಿ ಪಾಸಾದ ಮೇಲೇ ಯಾವ ಬಟ್ಟೆ, ಯಾವ ಬಣ್ಣ ಅನ್ನುವ ಮಾತು.

ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ನನ್ನ ಅಪ್ಪನ ಬಗ್ಗೆ ಒಂದು ಕತೆ ಬರೆದಿದ್ದೆ. ಒಂದು ವಾರಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಬಹಳ ಅತ್ತೆ. ಎರಡು ವರ್ಷ ಬಿಟ್ಟು ಅದನ್ನು ತೆಗೆದು, ಉಪಮೆಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದು ಹಾಕಿದೆ. ಹದಿನಾಲ್ಕು ಪುಟದಲ್ಲಿ ಒಂದೂವರೆ ಪುಟ ಉಳಿಯಿತು. ಅದರಲ್ಲಿ ಅಪ್ಪ ಇರಲೇ ಇಲ್ಲ. ಅವರ ಚಪ್ಪಲಿ ಮಾತ್ರ ಇತ್ತು, ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ. ಅಲ್ಲಿಂದ ಮತ್ತೆ ಬರೆಯಬೇಕಾಯ್ತು.

ಈಗ ನಿನ್ನ ಪುಟಗಳಿಗೆ ಬರ್ತೀನಿ. ಮೂರನೇ ಪುಟದಲ್ಲಿ ಅಮ್ಮನ ಬದುಕು ‘ಎಂದೂ ಮುಗಿಯದ ಹೊಲಿಗೆ’. ಐದರಲ್ಲಿ ನೆನಪು ‘ಸೂಜಿಯಂತೆ’ ಚುಚ್ಚುತ್ತದೆ. ಎಂಟರಲ್ಲಿ ಕಣ್ಣೀರು ‘ಮುತ್ತಿನ ಗುಂಡಿ’ ಆಗುತ್ತದೆ. ಇದೆಲ್ಲ ಕಸೂತಿ, ತಮ್ಮ. ಬಟ್ಟೆ ಕತ್ತರಿಸುವ ಮೊದಲೇ ಕಸೂತಿಗೆ ಕೂತಿದ್ದೀಯ.

ಆದರೆ ಏಳನೇ ಪುಟದಲ್ಲಿ ಒಂದು ಮಾತಿದೆ. ಸಂಜೆ ಏಳೂವರೆಗೆ ಮನೆಗೆ ಬಂದ ಅಮ್ಮ ಕನ್ನಡಿ ಮುಂದೆ ನಿಂತು ಮೊದಲು ತಲೆಗೂದಲಿಗೆ ಅಂಟಿದ ನೂಲಿನ ಚೂರುಗಳನ್ನು ತೆಗೆಯುತ್ತಿದ್ದರು. ಅವತ್ತು ಲೈನಿನಲ್ಲಿ ಯಾವ ಬಣ್ಣದ ಬಟ್ಟೆ ಓಡಿತು ಅಂತ ನಿನಗೆ ಅದರಿಂದ ಗೊತ್ತಾಗುತ್ತಿತ್ತು. ಈ ಎರಡು ವಾಕ್ಯ ಓದಿ ನನ್ನ ಕಣ್ಣು ತುಂಬಿತು. ಇಲ್ಲಿ ನೀನು ಯಾವ ಹೋಲಿಕೆಯನ್ನೂ ತಂದಿಲ್ಲ. ಕಂಡದ್ದನ್ನು ಕಂಡ ಹಾಗೆ ಇಟ್ಟಿದ್ದೀಯ. ಮುಂದಿನ ವಾಕ್ಯದಲ್ಲೇ ಹೆದರಿಕೊಂಡು ‘ಆ ನೂಲುಗಳು ಅವಳ ಕನಸಿನ ಎಳೆಗಳು’ ಅಂತ ಸೇರಿಸಿದ್ದೀಯ. ಅದನ್ನು ಹೊಡೆದು ಹಾಕು. ದಯವಿಟ್ಟು ಹೊಡೆದು ಹಾಕು.

ಡಿಯೋರ್ ತಮ್ಮ ಪುಸ್ತಕದಲ್ಲಿ ಹೊಲಿಗೆ ಕೋಣೆಗಳ ಬಗ್ಗೆ ತುಂಬಾ ಪ್ರೀತಿಯಿಂದ ಬರೆದಿದ್ದಾರೆ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಮಾರ್ಗರೀತ್ ಕಾರೆ ಅವರನ್ನು ಮನಸಾರೆ ಹೊಗಳುತ್ತಾರೆ. ನವೆಂಬರ್ 25ರ ಸೇಂಟ್ ಕ್ಯಾಥರೀನ್ ಹಬ್ಬದ ವಿವರ ಬರುತ್ತದೆ. ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹುಡುಗಿಯರು ಅವತ್ತು ಬಣ್ಣಬಣ್ಣದ ಟೋಪಿ ಹಾಕಿಕೊಳ್ಳುತ್ತಾರೆ, ಯಜಮಾನರು ಒಂದೊಂದೇ ಕೋಣೆಗೆ ಹೋಗಿ ಎಲ್ಲರನ್ನೂ ಮಾತಾಡಿಸಿ ಬರುತ್ತಾರೆ. ಚಂದದ ಪುಟಗಳು. ಆದರೂ ಬಾಗಿಲಲ್ಲಿ ನಿಂತ ಯಜಮಾನನ ಕಣ್ಣು ಅದು. ಒಳಗೆ ಬೆನ್ನು ಬಗ್ಗಿಸಿ ಕೂತವರಲ್ಲಿ ಹೆಚ್ಚಿನವರ ಹೆಸರು ಆ ಪುಸ್ತಕದಲ್ಲಿ ಸಿಗುವುದಿಲ್ಲ. ಮೆಷಿನ್ ಮುಂದೆ ಕೂತವಳ ಮಗ ನೀನು. ಅವರಿಗೆ ಕಾಣದೆ ಉಳಿದದ್ದು ನಿನಗೆ ಗೊತ್ತು. ಹಾಗಿದ್ದೂ ಹನ್ನೆರಡು ಪುಟದಲ್ಲಿ ಅಮ್ಮನ ಬ್ಯಾಚಿನ ಒಬ್ಬರ ಹೆಸರೂ ಇಲ್ಲ. ಊಟದ ಬಿಡುವಿನಲ್ಲಿ ಅವರು ಯಾರ ಜೊತೆ ಡಬ್ಬಿ ಬಿಚ್ಚುತ್ತಿದ್ದರು?

ಇನ್ನೊಂದು ವಿಷಯ. ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ, ಹೇಳಿಬಿಡ್ತೀನಿ. ಡಿಯೋರ್‌ಗೆ ಕ್ಯಾಥರೀನ್ ಅಂತ ತಂಗಿ ಇದ್ದರು. ಯುದ್ಧದ ಕಾಲದಲ್ಲಿ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡುತ್ತಿದ್ದವರು. 1944ರ ಜುಲೈನಲ್ಲಿ ಸಿಕ್ಕಿಬಿದ್ದರು. ಹಿಂಸೆ ಕೊಟ್ಟರೂ ಜೊತೆಗಾರರ ಹೆಸರು ಹೇಳಲಿಲ್ಲ. ಜರ್ಮನಿಯ ರಾವೆನ್ಸ್‌ಬ್ರೂಕ್‌ಗೆ, ನಾಜಿಗಳು ಹೆಂಗಸರನ್ನು ಕೂಡಿಹಾಕುತ್ತಿದ್ದ ಸೆರೆಶಿಬಿರಕ್ಕೆ, ಸಾಗಿಸಿದರು. 1945ರಲ್ಲಿ ಜೀವ ಹಿಡಿದುಕೊಂಡು ಮನೆಗೆ ಬಂದರು. ಅಣ್ಣನ ಪುಸ್ತಕದಲ್ಲಿ ಇದರ ಬಗ್ಗೆ ಸಿಗುವುದು ಬಹಳ ಕಡಿಮೆ. ಲಂಗದ ಅಗಲಕ್ಕೆ ಪುಟಗಟ್ಟಲೆ ಕೊಟ್ಟವರು ಇಲ್ಲಿ ಮಾತು ಹಿಡಿದುಕೊಂಡಿದ್ದಾರೆ. ನೋವಿಗೋ, ತಂಗಿಯ ಮರ್ಯಾದೆಗೋ, ನಾನು ತೀರ್ಪು ಕೊಡಲಾರೆ. ಆದರೆ ಓದುವಾಗ ಆ ಜಾಗ ಖಾಲಿ ಅಂತ ಗೊತ್ತಾಗುತ್ತದೆ.

ನಿನ್ನ ಬರಹದಲ್ಲಿ ನಿನ್ನ ಅಪ್ಪ ನಾಲ್ಕನೇ ಪುಟದಲ್ಲಿ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ. ಮತ್ತೆ ಇಲ್ಲ. ಅದು ಕಾಣುತ್ತೆ. ಬರೆಯಲೇಬೇಕು ಅಂತ ನಾನು ಒತ್ತಾಯ ಮಾಡಲ್ಲ. ಅಮ್ಮ ಇದ್ದಾರೆ, ನಾಳೆ ಅವರೂ ಓದುತ್ತಾರೆ. ಬಿಡುವುದಾದರೆ ಗೊತ್ತಿದ್ದು ಬಿಡು. ಆ ಒಂದು ವಾಕ್ಯವನ್ನು ಮರೆತು ಬಿಟ್ಟುಹೋದ ದಾರದ ತುದಿ ಥರ ಜೋತುಬಿಡಬೇಡ.

ಹೆಸರು ಮಾಡುವುದು ಹೇಗೆ ಅಂತಾನೂ ಕೇಳಿದ್ದೀಯ. ಡಿಯೋರ್ ಪುಸ್ತಕದ ಫ್ರೆಂಚ್ ಹೆಸರೇ ‘ಕ್ರಿಸ್ಟಿಯನ್ ಡಿಯೋರ್ ಮತ್ತು ನಾನು’. ಬೋರ್ಡಿನ ಮೇಲಿನ ಮನುಷ್ಯ ಬೇರೆ, ನಾಚಿಕೆ ಸ್ವಭಾವದ ನಾನು ಬೇರೆ ಅಂತ ಮೊದಲಲ್ಲೇ ಹೇಳಿಕೊಳ್ಳುತ್ತಾರೆ. ಪುಸ್ತಕ ಬಂದ ಮರುವರ್ಷ, 1957ರ ಅಕ್ಟೋಬರಿನಲ್ಲಿ, 52ಕ್ಕೇ ತೀರಿಕೊಂಡರು. ಮೊದಲ ಶೋನಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷವೂ ಆಗಲಿಲ್ಲ. ನಿನ್ನ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಸದ್ಯಕ್ಕೆ ಏಳನೇ ಪುಟದ ಮುಂದೆ ಕೂತ್ಕೋ.

ಈ ಭಾನುವಾರ ಅಮ್ಮನಿಗೆ ರಜೆ ಇರುತ್ತೆ ಅಲ್ವಾ? ಅವರನ್ನು ಕೇಳು. ಕೆಲಸಕ್ಕೆ ಸೇರಿದ ಮೊದಲ ದಿನ ಯಾವ ಮೆಷಿನ್ ಕೊಟ್ಟರು? ಕಾಲರ್ ಹೊಲಿಯಲು ಕೂರಿಸಿದರೋ, ಗುಂಡಿ ಹಾಕಲೋ, ಇಲ್ಲ ಹೆಲ್ಪರ್ ಆಗಿ ದಾರ ಕತ್ತರಿಸಲು ನಿಲ್ಲಿಸಿದರೋ? ಪಕ್ಕದಲ್ಲಿ ಯಾರಿದ್ದರು? ಟಾರ್ಗೆಟ್ ಎಷ್ಟು ಪೀಸ್ ಇತ್ತು? ಅವರು ಹೇಳಿದ ಮಾತಿನಲ್ಲೇ ಬರ್ಕೋ. ಎರಡು ಪುಟ ಸಾಕು. ಟೈಪ್ ಮಾಡೋಕೆ ಹೋಗಬೇಡ, ಕೈಬರಹದಲ್ಲೇ ಕಳಿಸು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಪ್ರೀತಿಯಿಂದ,
ನಿನ್ನ ಅಕ್ಕ