ಜೆಸಿಬಿ ಬರುವ ಮೊದಲು ಕಲ್ಲುಗಳನ್ನು ಬರೆದಿಡಿಸಿ: ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ ಸರ್. ಶಾಸನ, ವೀರಗಲ್ಲು, ಹಾಳು ಗುಡಿ ಅಂತ ನಿಮಗೆ ಯಾಕೆ ಬರೆಯುತ್ತಿದ್ದಾನೆ, ಅದು ಪುರಾತತ್ವ ಇಲಾಖೆಯ ಕೆಲಸ ಅಲ್ವಾ ಅಂತ ಅನ್ನಿಸಬಹುದು. ಆ ಇಲಾಖೆ ಕಾಯುವುದು ಸಂರಕ್ಷಿತ ಅಂತ ಘೋಷಣೆಯಾದ ಸ್ಮಾರಕಗಳನ್ನು. ನಾನು ಹೇಳಬೇಕಾಗಿರುವುದು ಆ ಪಟ್ಟಿಗೆ ಸೇರದ ಕಲ್ಲುಗಳ ಬಗ್ಗೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರ ಮುಂದಿನ ಕಟ್ಟೆಯ ಪಕ್ಕದಲ್ಲಿ ಇರುವಂಥವು. ಅಲ್ಲಿ ರಸ್ತೆ ಮಾಡಿಸುವುದು, ಚರಂಡಿ ತೆಗೆಸುವುದು, ಕೆರೆ ಹೂಳೆತ್ತಿಸುವುದು ಬಹಳ ಕಡೆ ಗ್ರಾಮ ಪಂಚಾಯಿತಿಯೇ. ಹಾಗಾಗಿ ಈ ಪತ್ರ ನಿಮಗೇ.

ರಜೆ ಸಿಕ್ಕಾಗೆಲ್ಲ ಬೈಕ್ ತೆಗೆದುಕೊಂಡು ಹಳೇ ಮೈಸೂರು ಸೀಮೆಯ ಒಳದಾರಿಗಳಲ್ಲಿ ಸುತ್ತುತ್ತೇನೆ. ದಾರಿ ತೋರಿಸುವುದು ಗೂಗಲ್ ಮ್ಯಾಪ್ ಅಲ್ಲ, ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್. ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ತಾಲ್ಲೂಕು, ಊರು, ಊರಿನಲ್ಲಿ ಕಲ್ಲು ಎಲ್ಲಿದೆ, ಎಲ್ಲ ಬರೆದಿದ್ದಾರೆ. ಇಂಥ ಗುಡಿಯ ಎದುರು, ಇಂಥವರ ಹೊಲದಲ್ಲಿ, ಕೆರೆ ತೂಬಿನ ಹತ್ತಿರ ಅಂತ. ನೂರು ವರ್ಷ ದಾಟಿದ ಆ ವಿಳಾಸ ಹಿಡಿದು ಹೋದರೆ ಕೆಲವು ಕಡೆ ಕಲ್ಲು ಅಲ್ಲೇ ನಿಂತಿರುತ್ತದೆ, ಕೆಲವು ಕಡೆ ಗುಡಿಯೂ ಇಲ್ಲ ಹೊಲವೂ ಇಲ್ಲ, ಲೇಔಟ್ ಆಗಿರುತ್ತದೆ, ಇನ್ನು ಕೆಲವು ಕಡೆ ಊರೇ ಇರುವುದಿಲ್ಲ. ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಅಂತ ಹೆಸರು ಮಾತ್ರ ಉಳಿದಿರುತ್ತದೆ. ಅಂಥ ಕಡೆ ರಸ್ತೆ ಮುಗಿದು ಗಾಡಿ ದಾರಿ ಶುರುವಾಗುತ್ತದೆ, ಅದೂ ಮುಗಿದರೆ ಬೈಕ್ ನಿಲ್ಲಿಸಿ ಲಾಂಟಾನ ಪೊದೆಯೊಳಗೆ ನಡೆಯಬೇಕು. ಹುಣಸೆ ಮರ, ಒಂದು ಹಾಳು ಬಾವಿ, ಕಾಲಿಗೆ ಸಿಗುವ ಮಡಕೆ ಚೂರು. ಇಷ್ಟು ಕಂಡರೆ ಇಲ್ಲಿ ಜನ ಬಾಳಿದ್ದರು ಅಂತ ಗೊತ್ತಾಗುತ್ತದೆ.

ಕಾಲ ಹಾಳು ಮಾಡಿದ್ದಕ್ಕೆ ಯಾರನ್ನೂ ಕೇಳುವ ಹಾಗಿಲ್ಲ. ಆದರೆ ರೈಸ್ ಕಾಲಕ್ಕೆ ನಿಂತಿದ್ದ, ನಮ್ಮ ಅಪ್ಪಂದಿರ ಕಾಲಕ್ಕೂ ನಿಂತಿದ್ದ ಕಲ್ಲು ಈಚೆಗೆ ಒಂದೇ ದಿನದಲ್ಲಿ ಹೋಗುತ್ತಿದೆಯಲ್ಲ, ಅದು ಸಂಕಟ. ಅರಳಿಕಟ್ಟೆ ಮೇಲೆ ಕೂತ ಹಿರಿಯರನ್ನು ಕೇಳಿದರೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ. “ಅಕ್ಷರದ ಕಲ್ಲಾ? ಇತ್ತು ಕಣಪ್ಪ. ರೋಡು ಮಾಡುವಾಗ ಜೆಸಿಬಿಯವನು ಎತ್ತಿಹಾಕಿದ.” ಎಲ್ಲಿಗೆ ಅಂದರೆ ಯಾರಿಗೂ ಗೊತ್ತಿಲ್ಲ.

ಒಂದು ಊರಿನಲ್ಲಿ ಹೊಸ ಮೋರಿಯ ಪಕ್ಕ ಚಪ್ಪಡಿಯಾಗಿ ಹಾಸಿದ ವೀರಗಲ್ಲು ನೋಡಿದೆ. ಮೂರು ಅಂಕಣದ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಸೂರ್ಯನ ಅರ್ಧ ಸಿಮೆಂಟಿನೊಳಗೆ ಹೋಗಿದೆ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಬರಹ ಇದೆ. ಟ್ರ್ಯಾಕ್ಟರ್ ಚಕ್ರ ಅದರ ಮೇಲೇ ಹತ್ತಿ ಇಳಿಯುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆಲಕ್ಕೆ ಕೂತು ನೋಡಿದರೆ ಒಂದೆರಡು ಅಕ್ಷರ ಹಿಡಿಯಬಹುದು, ಅಷ್ಟೇ. ಯಾವ ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತನೋ ಆ ಮನುಷ್ಯ, ಅವನ ಹೆಸರು ಇನ್ನು ಸಿಗುವುದಿಲ್ಲ.

ಗುತ್ತಿಗೆದಾರನನ್ನೋ ಚಾಲಕನನ್ನೋ ಬೈದು ಏನು ಪ್ರಯೋಜನ? ಇದು ಇಂಥ ಕಲ್ಲು, ಮುಟ್ಟಬೇಡ ಅಂತ ಹೇಳುವ ಒಂದು ಕಾಗದವೂ ಅವರ ಕೈಯಲ್ಲಿ ಇರಲಿಲ್ಲ. ಪಂಚಾಯಿತಿಯಲ್ಲಿ ಬೀದಿ ದೀಪದ ಲೆಕ್ಕ ಇದೆ, ಕೊಳವೆ ಬಾವಿಯ ಲೆಕ್ಕ ಇದೆ. ಕಲ್ಲಿನ ಲೆಕ್ಕ ಇಲ್ಲ.

ನಾನು ಕೇಳುತ್ತಿರುವುದು ಅದನ್ನೇ ಸರ್. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪ್ರತಿಯೊಂದರಲ್ಲೂ ಒಂದು ಕಲ್ಲಿನ ರಿಜಿಸ್ಟರ್ ಇಡಿಸಿ. ಶಾಸನ, ವೀರಗಲ್ಲು, ಸತಿ ಹೋದವಳ ನೆನಪಿನ ಮಾಸ್ತಿಕಲ್ಲು, ಶಿವನ ಗುಡಿಗೆ ಬಿಟ್ಟ ಭೂಮಿಯ ಗಡಿಗೆ ನೆಟ್ಟ ಲಿಂಗಮುದ್ರೆ ಕಲ್ಲು, ಹಾಳು ಗುಡಿ, ಹಳೇ ಕಲ್ಯಾಣಿ ಎಲ್ಲ ಅದರಲ್ಲಿ ಬರಲಿ. ಒಂದಕ್ಕೆ ಒಂದು ಫೋಟೊ, ಒಂದು ಸರ್ವೆ ನಂಬರ್. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಸರ್ವೇಯರನ್ನು ಕರೆಸುವುದೂ ಬೇಕಿಲ್ಲ. ಆಮೇಲೆ ಯಾವುದೇ ಕಾಮಗಾರಿಯ ಅಂದಾಜು ಪಟ್ಟಿ ತಯಾರಿಸುವಾಗ ಎಂಜಿನಿಯರ್ ಈ ರಿಜಿಸ್ಟರ್ ನೋಡಿ ಸಹಿ ಹಾಕಬೇಕು ಅಂತ ಮಾಡಿ. ಕಲ್ಲು ದಾರಿಗೆ ಅಡ್ಡ ಬಂದರೆ ನಾಲ್ಕು ಮಾರು ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಲಿ, ಹೊಸ ಜಾಗವನ್ನೂ ಬರೆದಿಡಲಿ. ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ.

ಎಲ್ಲವನ್ನೂ ಮ್ಯೂಸಿಯಂಗೆ ಸಾಗಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಕೆರೆ ಕಟ್ಟಿಸಿದವನಿಗೆ, ಕೆರೆ ನೋಡಿಕೊಳ್ಳುವವನಿಗೆ ಇಷ್ಟು ಗದ್ದೆ ಬಿಟ್ಟಿದ್ದೇವೆ ಅಂತ ಹೇಳುವ ಕಲ್ಲು ಆ ಕೆರೆಯ ಹತ್ತಿರ ಇದ್ದರೇ ಅದಕ್ಕೆ ಅರ್ಥ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ ಭೂಮಿ ಇವತ್ತೂ ಯಾರೋ ಉಳುತ್ತಿರುವ ಹೊಲವೇ. ಊರಿನವರು ವೀರಗಾರಪ್ಪ, ಮಾಸ್ತಮ್ಮ ಅಂತ ಪೂಜೆ ಮಾಡುವ ಕಡೆ ಕಲ್ಲು ಚೆನ್ನಾಗಿ ಉಳಿದಿದೆ, ಎಣ್ಣೆ ಕುಂಕುಮ ಮೆತ್ತಿಕೊಂಡು ಅಕ್ಷರ ಮುಚ್ಚಿದ್ದರೂ ಸರಿ, ಉಳಿದಿದೆ. ಹಲ್ಮಿಡಿಯ ಶಾಸನವೂ ಊರಿನ ವೀರಭದ್ರ ಗುಡಿಯ ಮುಂದೆ ಇದ್ದ ಕಲ್ಲೇ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸುವ ಮೊದಲೇ ಯಾರಾದರೂ ಮೋರಿಗೆ ಹಾಕಿದ್ದರೆ? ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು 750ನೇ ಇಸವಿಯದು. ಅದು ಉಳಿದದ್ದು ಆ ಹೊತ್ತಿಗೆ ಅಲ್ಲಿ ಗೊತ್ತಿದ್ದವರು ಇದ್ದರು ಅಂತ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಹುಡುಕಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ರಾಜಧಾನಿಯಿಂದ ದೂರ ಇರುವ ಹಳ್ಳಿಗೂ ಗೊತ್ತಿರುವವರು ಒಬ್ಬರು ಬೇಡವೇ?

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಿಧಿಗಳ್ಳರ ಕಾಟ ನಿಮಗೆ ಗೊತ್ತೇ ಇದೆ. ಅಕ್ಷರ ಇದ್ದ ಕಲ್ಲಿನ ಕೆಳಗೆ ಹೊನ್ನಿದೆ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ಪಾಳು ಗುಡಿಯಲ್ಲಿ ನಂದಿಯನ್ನು ಕಿತ್ತು ಪಕ್ಕಕ್ಕೆ ಉರುಳಿಸಿ, ಆಳುದ್ದ ಗುಂಡಿ ತೋಡಿರುತ್ತಾರೆ. ಕಲ್ಲಿನ ಮೇಲೆ ಇರುವುದು ದಾನ ಕೊಟ್ಟ ಗದ್ದೆಯ ಗಡಿ, ಅದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಅನ್ನುವ ಶಾಪ. ನಿಧಿಯ ಗುರುತಲ್ಲ. ಹಾಗಾಗಿ ಜನ ಓಡಾಡುವ ಜಾಗದ ಕಲ್ಲಿನ ವಿವರ ಎಲ್ಲರಿಗೂ ಕಾಣಲಿ, ಪಕ್ಕದಲ್ಲಿ ಅದರ ಅರ್ಥವನ್ನು ಇವತ್ತಿನ ಕನ್ನಡದಲ್ಲಿ ಬರೆದ ಸಣ್ಣ ಫಲಕ ಇರಲಿ. ಒಂಟಿ ಜಾಗದವುಗಳ ಸರ್ವೆ ನಂಬರ್ ಮಾತ್ರ ಪಂಚಾಯಿತಿ ಮತ್ತು ಪುರಾತತ್ವ ಇಲಾಖೆಯ ನಡುವೆ ಇದ್ದರೆ ಸಾಕು.

ಬೇಸಿಗೆ ಬಂದರೆ ಕೆರೆ ಕೆಲಸ ಶುರುವಾಗುತ್ತದೆ. ಏರಿ ಮೇಲಿನ, ತೂಬಿನ ಪಕ್ಕದ ಕಲ್ಲುಗಳು ಹೋಗುವುದು ಜಾಸ್ತಿ ಆಗಲೇ. ಅಷ್ಟರೊಳಗೆ ಒಂದು ಸುತ್ತೋಲೆ ಹೊರಡಿಸಿ, ಮೊದಲು ಕೆರೆಗಳಿಂದಲೇ ಶುರು ಮಾಡಿಸಿ. ನನ್ನ ಹಾಗೆ ಬೈಕಿನಲ್ಲಿ ಊರೂರು ಸುತ್ತುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನಮ್ಮ ಫೋನುಗಳಲ್ಲಿ ಸುಮ್ನೆ ಬಿದ್ದಿರುವ ಫೋಟೊ, ಜಾಗದ ವಿವರ ಎಲ್ಲವನ್ನೂ ಯಾವ ಪಂಚಾಯಿತಿ ಕೇಳಿದರೂ ಬಿಟ್ಟಿಯಾಗಿ ಕೊಡುತ್ತೇವೆ, ಪಿಡಿಒ ಜೊತೆ ಬಂದು ಜಾಗವನ್ನೂ ತೋರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಳದಾರಿಗಳಲ್ಲಿ ಕಲ್ಲು ಹುಡುಕುವ ಒಬ್ಬ ಬೈಕ್ ಸವಾರ