ಮಾಸ್ಟರ್ ಪ್ಲಾನ್‌ನಲ್ಲಿ ಸೈಟ್ ಕೊಳ್ಳುವವರೂ ಇರಲಿ

ಮಾನ್ಯರೇ,

ಊರು ಎಲ್ಲಿ ಹೇಗೆ ಬೆಳೆಯಬೇಕು ಎಂದು ಹೇಳುವ ಬೆಂಗಳೂರಿನ ಮಾಸ್ಟರ್ ಪ್ಲಾನ್‌ನ ಕಥೆ ನಿಮ್ಮ ಓದುಗರಿಗೆ ಗೊತ್ತೇ ಇದೆ. 2015ರವರೆಗಿನ ಪ್ಲಾನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2031ರ ಕರಡು 2017ರಲ್ಲಿ ಬಂತು, ಆಮೇಲೆ ಸರ್ಕಾರವೇ ಅದನ್ನು ವಾಪಸ್ ತೆಗೆದುಕೊಂಡಿತು. ಮುಂದಿನದು ಯಾವಾಗ ಬಂದರೂ ಲೆಕ್ಕ ಹಾಕುವ ರೀತಿ ಬದಲಾಗಲಿ ಅನ್ನುವುದು ನನ್ನ ಮಾತು.

ಈಗಿನ ಲೆಕ್ಕ ಮೇಲಿನಿಂದ ಶುರುವಾಗುತ್ತದೆ. ಇಷ್ಟು ವರ್ಷಕ್ಕೆ ಇಷ್ಟು ಜನ, ಅವರಿಗೆ ಇಷ್ಟು ಜಾಗ, ನಕ್ಷೆಯಲ್ಲಿ ವಸತಿಗೆ ಹಳದಿ ಬಣ್ಣ. ಆದರೆ ಊರು ಬೆಳೆಯುವುದು ಬಣ್ಣ ನೋಡಿಕೊಂಡಲ್ಲ. ಪಿತ್ರಾರ್ಜಿತ ಎರಡು ಎಕರೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಾರೆ, ಒಬ್ಬರು ಮಾರುತ್ತಾರೆ. ಅಲ್ಲಿ ರೆವಿನ್ಯೂ ಸೈಟ್, ಅಂದರೆ ಬಡಾವಣೆಗೆ ಒಪ್ಪಿಗೆ ಪಡೆಯದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟ್, ಏಳುತ್ತದೆ. ಬಾಡಿಗೆ ಕಟ್ಟಿ ಸಾಕಾದವರು ಸಾಲ ಮಾಡಿ ಅದನ್ನು ಕೊಳ್ಳುತ್ತಾರೆ. ಮೊದಲು ಬೋರ್‌ವೆಲ್, ಆಮೇಲೆ ಮನೆ, ರಸ್ತೆ ಕೊನೆಗೆ.

ಇಂಥ ಒಬ್ಬೊಬ್ಬರ ತೀರ್ಮಾನವನ್ನೇ ಹಿಡಿದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿವೆ. ಲಕ್ಷಾಂತರ ಕಾಲ್ಪನಿಕ ಕುಟುಂಬಗಳನ್ನು ಮಾಡಿ, ಪ್ರತಿಯೊಂದಕ್ಕೂ ಆದಾಯ, ಕೆಲಸದ ಜಾಗ, ಮಕ್ಕಳ ಶಾಲೆ ಅಂತ ಕೊಟ್ಟು, ಯಾರು ಎಲ್ಲಿಗೆ ಮನೆ ಬದಲಿಸುತ್ತಾರೆ ಎಂದು ನೋಡುವುದು. ಇದರ ಬೇರು ಹಳೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಚೌಕಮಣೆಯ ಮೇಲೆ ಎರಡು ಬಗೆಯ ನಾಣ್ಯಗಳನ್ನು ಎರಡು ಗುಂಪಿನ ಕುಟುಂಬಗಳೆಂದು ಇಟ್ಟು, ಸರಿಸುತ್ತಾ ಇದನ್ನು ತೋರಿಸಿದರು. 1971ರ ಅವರ ಲೇಖನ ಇವತ್ತಿಗೂ ಚರ್ಚೆಯಲ್ಲಿದೆ. ನೆರೆಯಲ್ಲಿ ನಮ್ಮಂಥವರು ಮೂರರಲ್ಲೊಂದು ಪಾಲು ಇದ್ದರೆ ಸಾಕು ಅಂತ ಎಲ್ಲರೂ ಅಂದುಕೊಂಡರೂ ಊರು ಕೊನೆಗೆ ಕೇರಿ ಕೇರಿಯಾಗಿ ಒಡೆದುಹೋಗುತ್ತದೆ. ಯಾರೂ ಬಯಸಿದ್ದಲ್ಲ ಅದು. ಸರಾಸರಿ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

ಹಾಗಂತ ಕಂಪ್ಯೂಟರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ನಿಯಮ ಬರೆಯುವವರು ಯಾರನ್ನು ಬಿಡುತ್ತಾರೋ ಅವರು ಉತ್ತರದಲ್ಲೂ ಇರುವುದಿಲ್ಲ. ಬ್ಯಾಂಕ್ ಸಾಲ ಸಿಗುವ ಸಂಬಳದಾರರನ್ನಷ್ಟೇ ಹಾಕಿದರೆ ಊರ ತುಂಬ ಅಪಾರ್ಟ್‌ಮೆಂಟ್ ಬರುತ್ತದೆ. ಬಿ ಖಾತಾ (ಪೂರ್ತಿ ಕಾನೂನುಬದ್ಧವಲ್ಲದ ಆಸ್ತಿಯ ದಾಖಲೆ) ಇರುವ ಸೈಟ್ ಕೊಳ್ಳುವವರು, ಮನೆಯ ಮೇಲೆ ಮನೆ ಕಟ್ಟಿ ಪಿಜಿ ನಡೆಸುವವರು, ಕಟ್ಟಡ ಕೆಲಸಕ್ಕೆ ಬಂದು ಶೆಡ್‌ನಲ್ಲಿರುವವರು, ಮುಂದೆ ಸಕ್ರಮ ಆಗೇ ಆಗುತ್ತದೆ ಎಂಬ ಭರವಸೆ, ಇವೆಲ್ಲ ಸೇರಬೇಕು ಅಲ್ವಾ? ಈ ಕೊನೆಯದನ್ನು ಯಾವ ಪರದೇಶಿ ಸಾಫ್ಟ್‌ವೇರೂ ತಾನಾಗಿ ಊಹಿಸಲಾರದು.

ಅಂಕಿಅಂಶದ ಕೊರತೆಯೂ ಇದೆ. 2011ರ ನಂತರದ ಜನಗಣತಿ ಅಂಕಿ ಇನ್ನೂ ಕೈಗೆ ಬಂದಿಲ್ಲ. ಆದರೂ ಮಾದರಿಯನ್ನು ಪರೀಕ್ಷಿಸಲು ದಾರಿ ಇದೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನರಿದ್ದರು, 2011ಕ್ಕೆ 96 ಲಕ್ಷ. ಮಾದರಿಗೆ 2001ರ ಊರನ್ನು ಕೊಟ್ಟು ಓಡಿಸಲಿ. ಆ ಹೆಚ್ಚಿದ ಜನ ಮಹದೇವಪುರ, ಬೊಮ್ಮನಹಳ್ಳಿ ಕಡೆ ಹೋಗಿ ನೆಲೆಸಿದ್ದನ್ನು ಅದು ತೋರಿಸದಿದ್ದರೆ ಮುಂದಿನ ಮಾಸ್ಟರ್ ಪ್ಲಾನ್‌ನ ನಕ್ಷೆಗೆ ಅದನ್ನು ನಂಬುವುದು ಬೇಡ. ತೋರಿಸಿದರೆ, ಒಳಗಿನ ನಿಯಮಗಳನ್ನು ಕನ್ನಡದಲ್ಲಿ ಬರೆದು, ನಕ್ಷೆಗೆ ಮುಂಚೆಯೇ ಜನರ ಮುಂದಿಟ್ಟು ಆಕ್ಷೇಪಣೆ ಕೇಳಲಿ.

— ಒಬ್ಬ ಓದುಗ, ಕೆಂಗೇರಿ, ಬೆಂಗಳೂರು